ಮುತ್ತಜ್ಜ ಸತ್ತ ಬಗೆ

ಅತ್ತಿಗೆಯ ಎರಡು ಹಲ್ಲು ಅಂಗಳಕ್ಕೆ ಉದುರಿದ ದಿನವೂ ಅಣ್ಣ ಹೇಳಿದ್ದು ಅದೇ ಮಾತು: ಇದು ಮುತ್ತಜ್ಜನ ರಕ್ತ, ಕುದಿಯುತ್ತದೆ, ನಾನೇನು ಮಾಡಲಿ. ಮುತ್ತಜ್ಜ ಅಂದರೆ ನೂರು ವರ್ಷದ ಹಿಂದೆ ಹಳ್ಳಿಯಲ್ಲಿ ಕುಲುಮೆ ಹಾಕಿದ್ದ ಕಮ್ಮಾರ; ಅಣ್ಣನದೂ ಅದೇ ಕಸುಬು. ದರೋಡೆಕೋರರ ಗುಂಪಿಗೆ ಒಬ್ಬನೇ ಎದುರು ನಿಂತು, ತಲೆ ಒಡೆಸಿಕೊಂಡು ಸತ್ತ ಮಹಾವೀರ. ಈ ಮನೆಯಲ್ಲಿ ಯಾರು ಯಾರಿಗೆ ಹೊಡೆದರೂ ಅದರ ಪುಣ್ಯವೆಲ್ಲ ಅವನಿಗೇ.

ತಂಗಿಗೆ ಸಾಕುಸಾಕಾಗಿತ್ತು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದ ಅವಳು ಅತ್ತಿಗೆಯ ರಕ್ತ ಒರೆಸಿ ಒರೆಸಿ ಮನೆಯ ಹಳೇ ಬಟ್ಟೆಯನ್ನೆಲ್ಲ ಮುಗಿಸಿದ್ದಳು. ಮುಂದಿನ ಸಲ ಹಲ್ಲಲ್ಲ, ಜೀವವೇ ಹೋಗುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಬಾಯಿ ಬಿಟ್ಟರೆ ಮುತ್ತಜ್ಜ ಅನ್ನುತ್ತಾನಲ್ಲ, ಆ ಮಹಾಶಯ ಎಂಥವನಿದ್ದ ಎಂದು ನೋಡಿಯೇ ಬಿಡೋಣ ಅಂತ ಬಸ್ಸು ಹತ್ತಿದಳು.

ಹಳ್ಳಿಯಲ್ಲಿ ಉಳಿದಿದ್ದವಳು ಮುತ್ತಜ್ಜನ ಮಗಳ ಮಗಳು, ಹಣ್ಣು ಹಣ್ಣು ಮುದುಕಿ. ದರೋಡೆಯ ಮಾತು ಎತ್ತಿದ್ದೇ ತಡ, ಬೊಚ್ಚುಬಾಯಿ ಬಿಟ್ಟು ನಕ್ಕಳು. ಆ ಮನೆಯಲ್ಲಿ ದೋಚೋಕೆ ಏನಿತ್ತು, ಮಣ್ಣು? ಅವನು ಕಾದ ಇಕ್ಕಳದಿಂದ ಹೆಂಡತಿಯ ಬೆನ್ನು ಸುಡುತ್ತಿದ್ದನಂತೆ. ತಡೆಯಲು ಬಂದ ಹೆತ್ತ ತಾಯಿಯ ಕೈಯನ್ನೇ ಮುರಿದಿದ್ದನಂತೆ. ಕುಲುಮೆಯಲ್ಲಿ ಅವನ ಎದುರು ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದವಳೂ ಆ ಹೆಂಡತಿಯೇ. ಅವನು ಚಿಕ್ಕ ಸುತ್ತಿಗೆಯಿಂದ ಕಬ್ಬಿಣದ ಮೇಲೆ ಟಕ್ಕೆಂದು ತಟ್ಟಿ ತೋರಿಸಿದ ಜಾಗಕ್ಕೇ ಅವಳ ಏಟು ಬೀಳಬೇಕು. ಒಂದು ಬೆರಳು ಆಚೀಚೆಯಾದರೆ ಇಕ್ಕಳ ಬೆನ್ನಿಗೆ. ಒಂದು ದಿನ ಏಟು ಅವನು ತೋರಿಸಿದ ಕಡೆ ಬೀಳಲಿಲ್ಲ. ಅವನ ತಲೆಬುರುಡೆ ಮಡಕೆಯ ಹಾಗೆ ಒಡೆಯಿತು.

"ನಮ್ಮಜ್ಜೀನೇ ನಮ್ಮಮ್ಮನ ತಲೆ ಬಾಚ್ತಾ ಹೇಳಿದ್ದು," ಎಂದಳು ಮುದುಕಿ. "ಊರವರೇ ಸೇರ್ಕೊಂಡು ದರೋಡೆ ಅಂತ ಕಥೆ ಕಟ್ಟಿದ್ರು. ಅವನಿಗೋಸ್ಕರ ಒಂದು ನಾಯೀನೂ ಅಳ್ಲಿಲ್ಲ ಕಣೇ."

ತಂಗಿ ಬಸ್ಸಿಳಿದು ನೆಟ್ಟಗೆ ಅಣ್ಣನ ಕುಲುಮೆಗೇ ಬಂದಳು. ಅಣ್ಣ ಕೆಂಪಗೆ ಕಾದ ಸರಳನ್ನು ಇಕ್ಕಳದಲ್ಲಿ ಹಿಡಿದು ಬಡಿಯುವ ಅಡಿಗಲ್ಲಿನ ಮೇಲಿಟ್ಟಿದ್ದ. ಎದುರಿಗೆ ಊದಿದ ಮುಖದ ಅತ್ತಿಗೆ, ದೊಡ್ಡ ಸುತ್ತಿಗೆ ಹೆಗಲಿಗೇರಿಸಿ ನಿಂತಿದ್ದಳು. ಅಣ್ಣನ ಮಾನ ಹೋಗಲಿ, ಇನ್ನೆಂದೂ ಆ ಹೆಸರು ಎತ್ತದ ಹಾಗಾಗಲಿ, ತಂಗಿಗೆ ಬೇಕಿದ್ದದ್ದು ಅಷ್ಟೇ. ಕೇಳಿ ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಣ್ಣ ಇನ್ನೊಂದು ಕೈಯಲ್ಲಿದ್ದ ಚಿಕ್ಕ ಸುತ್ತಿಗೆಯನ್ನು ತಂಗಿಯ ಮುಖಕ್ಕೇ ಎಸೆದ. ಅದು ಅವಳ ಕಿವಿ ಹರಿದುಕೊಂಡು ಹೋಗಿ ಗೋಡೆಗೆ ಬಡಿದು, ಉರುಳಿ ಅತ್ತಿಗೆಯ ಕಾಲ ಬಳಿ ನಿಂತಿತು. ತಂಗಿಯ ಕುತ್ತಿಗೆಗುಂಟ ರಕ್ತ ಬಿಸಿಬಿಸಿಯಾಗಿ ಇಳಿಯಿತು.

ಅತ್ತಿಗೆ ಆ ಗಾಯದ ಕಡೆ ನೋಡಲೂ ಇಲ್ಲ.

"ಎಲ್ಲಿಗೆ ಹೊಡೆದ್ಲಂತೆ?" ಎಂದು ಕೇಳಿದಳು. ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ದನಿ ಅದು.

ಇಂಥ ಪ್ರಶ್ನೆ ಬರಬಹುದೆಂದು ತಂಗಿ ಕನಸಿನಲ್ಲೂ ಎಣಿಸಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ.

"ನೆತ್ತಿಗೆ. ಬಗ್ಗಿದ್ನಂತೆ."

ಅತ್ತಿಗೆ ತಲೆಯಾಡಿಸಿ ಗಂಡನ ಕಡೆ ತಿರುಗಿದಳು. "ಸುತ್ತಿಗೆ ಎತ್ಕೊಳ್ಳಿ. ಕಬ್ಬಿಣ ಆರ್ತಾ ಇದೆ."

ಅಣ್ಣ ಅವಳ ಕಾಲ ಬಳಿ ಬಿದ್ದಿದ್ದ ಸುತ್ತಿಗೆಯನ್ನು ನೋಡಿದ, ಹೆಗಲ ಮೇಲಿದ್ದದ್ದನ್ನೂ ನೋಡಿದ. ಸರಳು ಕಪ್ಪಾಗಿ ತಣ್ಣಗಾಗುವವರೆಗೂ ಅವನು ಬಗ್ಗಲಿಲ್ಲ.