ಯಮನೂರ ಕಳಚಿಟ್ಟ ಮುಖ

ನಾನು ಒಂದು ಮುಖವಾಡ. ಹಳೆಯ ದಿನಪತ್ರಿಕೆಗಳನ್ನು ನೆನೆಹಾಕಿ, ಅರೆದು, ಮೈದಾ ಅಂಟು ಬೆರೆಸಿ, ಅಡುಗೆಮನೆಯ ಬೋಗುಣಿಯ ಮೇಲೆ ಮೆತ್ತಿ ನನ್ನನ್ನು ಮಾಡಿದರು. ನಾನು ಹುಟ್ಟಿದ್ದು ಉತ್ತರ ಕರ್ನಾಟಕದ ಒಂದು ವೀಕ್ಷಣಾಲಯದಲ್ಲಿ. ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಜಾಗ ಅದು. ಅದನ್ನು ಜೈಲು ಎನ್ನಬಾರದು ಎಂದು ಅಲ್ಲಿನವರು ಬಂದವರಿಗೆಲ್ಲ ಹೇಳುತ್ತಿದ್ದರು. ಬೀಗ ಮಾತ್ರ ಹೊರಗಿನಿಂದ ಬೀಳುತ್ತಿತ್ತು.

ನನ್ನನ್ನು ಮಾಡಿದವನು ಯಮನೂರ, ಹದಿನೈದರ ಹುಡುಗ. ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದ ಆರೋಪ ಅವನ ಮೇಲಿತ್ತು. ಕಲಿಸಿದವಳು ಶಾಹೀನ್, ಕಾನೂನು ಓದುತ್ತಿದ್ದವಳು. ಅವಳೂ ಗೆಳೆಯರೂ ಕಟ್ಟಿಕೊಂಡ ಯುವಜನರ ತಂಡ ವಾರಕ್ಕೊಮ್ಮೆ ಬಂದು ಮಕ್ಕಳಿಂದ ನಾಟಕ ಮಾಡಿಸುತ್ತಿತ್ತು. ಇಂಥ ಮಕ್ಕಳ ಹೆಸರು, ಮುಖ ಹೊರಗೆ ತೋರಿಸುವುದನ್ನು ಕಾನೂನು ನಿಷೇಧಿಸುತ್ತದೆ. ಅದಕ್ಕೇ ಮುಖವಾಡ.

"ಯಾರ ಮುಖಾ ಮಾಡಾಕತ್ತೀಯೋ?" ಎಂದು ಶಾಹೀನ್ ಕೇಳಿದಳು.

"ಬಾಲನ್ಯಾಯ ಮಂಡಳಿ ಸಾಹೇಬ್ರದ್ದು ಅಕ್ಕಾ."

"ಅವರ ಮುಖಾ ಸರಿಯಾಗಿ ನೋಡೀಯೇನು?"

"ಎಲ್ಲಿ ನೋಡ್ಲಿ? ಅವ್ರು ತಲಿ ಎತ್ತಿದ್ರ ಅಲ್ಲ?"

ಹಾಗಾಗಿ ನನಗೆ ಬೋಳುನೆತ್ತಿ ದೊಡ್ಡದಾಯಿತು, ಕಣ್ಣು ಸಣ್ಣದಾಯಿತು.

ನಾಟಕದಲ್ಲಿ ಒಬ್ಬ ಹುಡುಗ ವಿಚಾರಣೆಗೆ ಬರುತ್ತಾನೆ. ಒಮ್ಮೆ ಸಾಕ್ಷಿ ಬಂದಿಲ್ಲ, ಒಮ್ಮೆ ಪೊಲೀಸರಿಲ್ಲ, ಒಮ್ಮೆ ಮಂಡಳಿಯ ಸದಸ್ಯರೇ ಇಲ್ಲ. ಪ್ರತಿ ಸಲವೂ ನನ್ನನ್ನು ಕಟ್ಟಿಕೊಂಡ ಯಮನೂರ ಮೂಗಿನಲ್ಲಿ "ಮುಂದಿನ ತಾರೀಖು!" ಎನ್ನುತ್ತಿದ್ದ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಒಳಗೆ ಅವನ ಬೆವರಿಗೆ ನಾನು ಮೆತ್ತಗಾಗುತ್ತಿದ್ದೆ.

ಜಿಲ್ಲಾ ಮಟ್ಟದ ನಾಟಕ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. ತೊಂದರೆ ಶುರುವಾದದ್ದು ಅಲ್ಲಿಂದ.

ಇಂಥ ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಇನ್ನೆರಡು ತಿಂಗಳು ವಿಸ್ತರಿಸಬಹುದು. ಆಗಲೂ ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಕೊನೆ. ಕಾನೂನು ಹೇಳುವುದು ಇಷ್ಟು. ಯಮನೂರನ ವಿಷಯದಲ್ಲಿ ಆ ಗಡುವು ದಾಟಿತ್ತು. ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೋಗಿದ್ದ ಅವನ ಅವ್ವ ಊರಿಗೆ ಮರಳಿ, ಮಗನಿಗಾಗಿ ಕಾಯುತ್ತಿದ್ದಳು. ಶಾಹೀನ್ ವೀಕ್ಷಣಾಲಯದ ಅಧೀಕ್ಷಕರಾದ ಅಂಗಡಿ ಎಂಬವರ ಕೋಣೆಗೆ ಯಮನೂರನನ್ನೂ ಕರೆದುಕೊಂಡು ಬಂದಳು. ನಾನು ಮೇಜಿನ ಮೇಲಿದ್ದೆ, ಬಹುಮಾನದ ಫಲಕದ ಪಕ್ಕ.

"ಸರ್, ಇವನ ವಿಷಯ ಮಂಡಳಿ ಮುಂದ ತರ್ರಿ. ತಂದ್ರ ಅವತ್ತೇ ಬಿಡ್ತಾರ."

"ಬಿಡ್ತಾರವ್ವಾ, ಅದಕ್ಕ ಈಗ ಬ್ಯಾಡ ಅನ್ನಾಕತ್ತೀನಿ. ರಾಜ್ಯಮಟ್ಟದ ಸ್ಪರ್ಧಾ ಆಗ್ಲಿ. ಸಾಹೇಬ್ರ ಪಾರ್ಟು ಇವನ್ನ ಬಿಟ್ರ ಯಾರು ಮಾಡ್ತಾರ?"

"ನಾಟಕದ ಸಲುವಾಗಿ ಹುಡುಗನ್ನ ಕೂಡಿಹಾಕ್ತೀರೇನ್ರಿ?"

"ಕೂಡಿಹಾಕೂದೇನ್ ಬಂತು? ಮೂರು ಹೊತ್ತು ಊಟ ಐತಿ, ಕಲೆ ಐತಿ. ಮನ್ಯಾಗ ಏನೈತಿ ಇವಂಗ?"

"ಅವ್ವ ಅದಾಳ್ರಿ," ಎಂದ ಯಮನೂರ.

ಅಂಗಡಿಯವರು ಕೆಟ್ಟವರಲ್ಲ. ಹುಡುಗನಿಗೆ ತಾವೇ ಹೊಸ ಚಪ್ಪಲಿ ತಂದುಕೊಟ್ಟಿದ್ದರು. ನನಗೆ ಹೆಚ್ಚು ಸಿಟ್ಟು ಬರಿಸಿದ್ದೂ ಅದೇ. ಬೈಯಲೂ ಮನಸ್ಸು ಬಾರದಂಥ ಮನುಷ್ಯ. ಶಾಹೀನ್ ನೇರವಾಗಿ ಮಂಡಳಿಗೇ ಹೋದಳು. ಅಧೀಕ್ಷಕರ ವರದಿ ಬರಲಿ ಎಂದು ಅಲ್ಲಿ ಹೇಳಿ ಕಳಿಸಿದರು. ವರದಿ ಹೋಗಲಿಲ್ಲ.

ಬೆಂಗಳೂರಿನ ಸ್ಪರ್ಧೆಯಲ್ಲಿ ಸ್ವಾಗತ, ದೀಪ, ಹಾರ, ಶಾಲು, ಭಾಷಣಗಳಲ್ಲೇ ಹೊತ್ತು ಕಳೆಯಿತು. ನಾಟಕ ಲಗುಬಗೆಯಿಂದ ಶುರುವಾಯಿತು. ಎರಡು ಸಲ ಯಮನೂರ ತಾರೀಖು ಕೊಟ್ಟ. ಮುಂದಿನ ಸಾಲಿನ ಅಧಿಕಾರಿಗಳು ತೊಡೆ ತಟ್ಟಿಕೊಂಡು ನಕ್ಕರು. ಮೂರನೆಯ ಸಲ ಅವನು ಹಿಂದೆ ಕೈಹಾಕಿ ದಾರ ಬಿಚ್ಚಿದ. ನಾನು ಅವನ ಕೈಗೆ ಬಂದೆ.

"ನನ್ನ ಹೆಸರು ಯಮನೂರ್ರಿ. ಕಾನೂನಿನ ಪ್ರಕಾರ ನನ್ನ ಕೇಸು ಮುಗದೈತಿ. ನಾಟಕ ಮಾಡ್ಲಿ ಅಂತ ಇಟಗೊಂಡಾರ. ನಾ ಮನಿಗೆ ಹೋಗ್ಬೇಕ್ರಿ."

ಅದೂ ನಾಟಕವೇ ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು.

"ಮುಖಾ ಮುಚ್ಚಲೇ! ಮುಖಾ ಮುಚ್ಚು!" ಎನ್ನುತ್ತ ಅಂಗಡಿಯವರು ಓಡಿಬಂದು, ತಮಗೆ ಹೊದಿಸಿದ್ದ ಸನ್ಮಾನದ ಶಾಲನ್ನೇ ಹುಡುಗನ ತಲೆಯ ಮೇಲೆಳೆದರು. ಚಪ್ಪಾಳೆ ಆಗ ನಿಂತಿತು.

ಮುಂದಿನ ವಾರವೇ ಮಂಡಳಿ ಪ್ರಕರಣ ಮುಗಿಸಿತು. ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲವಂತೆ. ಯಮನೂರ ಅವ್ವನ ಜೊತೆ ಹೊರಟ. ನನ್ನತ್ತ ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಆಮೇಲೆ ತನಿಖೆ ನಡೆಯಿತು. ಹುಡುಗನ ಗುರುತು ಬಯಲಾದದ್ದು ಹೇಗೆ ಎಂಬುದರ ಬಗ್ಗೆ ಮಾತ್ರ. ಗಡುವು ದಾಟಿದ ಮೇಲೂ ಅವನನ್ನು ಏಕೆ ಇಟ್ಟುಕೊಂಡಿದ್ದಿರಿ ಎಂದು ಯಾರೂ ಕೇಳಲಿಲ್ಲ. ಎರಡೂ ನಿಯಮಗಳು ಒಂದೇ ಕಾಯ್ದೆಯಲ್ಲಿವೆ. ಶಾಹೀನಳ ತಂಡಕ್ಕೆ ಪ್ರವೇಶ ನಿಷೇಧಿಸಿದರು.

ಈಗ ನಾನು ಉಗ್ರಾಣದಲ್ಲಿ, ಹರಿದ ವಾಲಿಬಾಲ್ ಬಲೆಯ ಮೇಲೆ ಬಿದ್ದಿದ್ದೇನೆ. ಒಂದು ಗಲ್ಲವನ್ನು ಇಲಿ ತಿಂದಿದೆ. ಹೊಸ ಹುಡುಗರು ಬಂದಿದ್ದಾರೆ. ಅವರ ಜಗಳ, ನಗು ಗೋಡೆಯಾಚೆ ಕೇಳುತ್ತದೆ. ಅವರಲ್ಲಿ ಯಾರ ಗಡುವು ದಾಟಿದೆಯೋ, ನೋಡುವವರಿಲ್ಲ. ನನಗೂ ಬಾಯಿ ಇದೆ, ಆದರೆ ಅದು ಬರೀ ತೂತು. ಅದರಿಂದ ಮಾತು ಹೊರಡಬೇಕಾದರೆ ಹಿಂದೆ ಒಬ್ಬ ಹುಡುಗ ನಿಲ್ಲಬೇಕು.