ಕೊಟ್ರಬಸಮ್ಮನ ತೊಟ್ಟಿಲ ಪದ

ಗುಡೇಕೋಟೆಯ ಬಂಡೆಗಳ ಮೇಲೆ ಮಾಗಿಯ ಮಂಜು ಇನ್ನೂ ಕದಲದೆ ಕೂತಿತ್ತು. ಸುಕನ್ಯಾ ಬೈಕಿನಿಂದ ಇಳಿಯುವಷ್ಟರಲ್ಲಿ ಕನಕರಾಜ ಅಡ್ಡ ಬಂದು ನಿಂತ. ಅವನ ಹಿಂದೆ ಅಂಗಳದ ಗೋಡೆಗೆ ಒರಗಿಸಿ ಕೂರಿಸಿದ್ದ ಅವನ ತಾಯಿ ಕೊಟ್ರಬಸಮ್ಮನ ಹೆಣ. ಹೆಗಲಿಗೆ ಕರಿಕಂಬಳಿ, ಹಣೆ ತುಂಬ ಭಂಡಾರ.

"ಪದ ತಂದೀರೇನ್ರಿ?"

"ತಂದೀನಿ."

"ಹಂಗಾರ ಅವ್ವನ ಉಡಿಯಾಗ ಹಾಕ್ರಿ. ಅದು ಸೇರೂತನಕ ನಾವು ಎತ್ತಂಗಿಲ್ಲ."

"ಲಗೂ ಮಾಡ್ರಪ್ಪ," ಎಂದಳು ನೆರೆಮನೆಯ ದ್ಯಾಮಕ್ಕ, ಕಣ್ಣೊರೆಸಿಕೊಳ್ಳುತ್ತ. "ಕುರಿ ಹಿಂದ ತಿರುಗಿ ತಿರುಗಿ ಕಾಲು ಸವೆಸಿದಾಕಿ. ಒಂದ್ಕಡೆ ಇಷ್ಟೊತ್ತು ಎಂದಾರ ಕುಂತಿದ್ಲೇನು?"

ಸುಕನ್ಯಾ ಚೀಲದಿಂದ ಸಿಡಿ ತೆಗೆದಳು. ಅದಕ್ಕೆ ಪದ ತುಂಬಿಕೊಟ್ಟವನು ಹರಪನಹಳ್ಳಿಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಅವಳ ಚಿಕ್ಕಮ್ಮನ ಮಗ ಪ್ರವೀಣಕುಮಾರ. ಬೈಕ್ ನಿಲ್ಲಿಸಿ ಬಂದವನು ಅವಳ ಕಿವಿಯ ಹತ್ತಿರ ಬಾಗಿದ.

"ಸುಮ್ನ ಕೊಟ್ಟುಬಿಡಕ್ಕ. ಕೊಳ್ಳಾಗ ಇನ್ನೊಂದು ಐತಲ್ಲ. ಇವ್ರಿಗೇನು ತಿಳೀತೈತಿ?"

ಅವಳ ಕೈ ಕೊರಳಿಗೆ ಹೋಯಿತು. ದಾರಕ್ಕೆ ಕಟ್ಟಿದ ಪೆನ್‌ಡ್ರೈವ್ ಕುಪ್ಪಸದೊಳಗೆ ಬೆಚ್ಚಗಿತ್ತು.

*

ಹೋದ ವರ್ಷ, ಕುರಿಹಟ್ಟಿಯ ಪಕ್ಕ ಕೂತು ಉಣ್ಣೆ ನೂಲುತ್ತಿದ್ದ ಕೊಟ್ರಬಸಮ್ಮ ಆ ದಾರ ಕಂಡು ನಕ್ಕಿದ್ದಳು.

"ಏನವ್ವ ಅದು, ಲಿಂಗಾನೋ ತಾಯಿತಾನೋ?"

"ನನ್ನ ಓದು, ಅಜ್ಜಿ. ಬಾಯಾಗಿನ ಪದಾನೆಲ್ಲ ಕಂಪ್ಯೂಟರಿಗೆ ಹಾಕಿ ಪಿಎಚ್.ಡಿ. ಮಾಡಾಕತ್ತೀನಿ. ಮುಂದಿನೋರು ಎಲ್ಲಿ ಕುಂತರೂ ಕೇಳಬಹುದು."

ಮುದುಕಿಯ ಕದಿರು ನಿಂತಿತು. ಕುಲದೇವರು ಬೀರಪ್ಪನ ತೊಟ್ಟಿಲ ಪದ ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬರುವಂಥದ್ದು. ಅವಳ ಸೊಸೆ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕನಕರಾಜ ಮತ್ತೆ ಮದುವೆಯಾಗಿರಲಿಲ್ಲ.

"ಸೊಸಿ ಇಲ್ದಾಕಿ ಪದಾನ ತಾನ ಒಯ್ದು ಬೀರಪ್ಪಗ ಒಪ್ಪಸಬೇಕು. ಬರಿಗಂಟಲಾಗ ಹೋದ್ರ ಅವ ಒಳಗ ಕರಕೊಳ್ಳಂಗಿಲ್ಲ. ನಾ ಇರೂತನಕ ನಿನ್ನ ಹತ್ರ ಇರ್ಲಿ, ಓದ್ಕ. ಹೋಗೂ ದಿನ ತಿರುಗಿ ಕೊಡಬೇಕು. ಹೂಂ ಅನ್ನು."

ಸುಕನ್ಯಾ ಹೂಂ ಅಂದಿದ್ದಳು. ಮುದುಕಿ ಕಣ್ಣು ಮುಚ್ಚಿ, ಬರಿದಾದ ಉಡಿಯನ್ನೇ ತೂಗುತ್ತ ಹಾಡಿದಳು. ನಡುವೆ ಒಮ್ಮೆ ಪದ ನಿಲ್ಲಿಸಿ, ಪಕ್ಕದ ಹೊಲಕ್ಕೆ ನುಗ್ಗಿದ ಆಡಿಗೆ ಅದರ ವಂಶ ಹಿಡಿದು ಬೈದಳು. ಧ್ವನಿಮುದ್ರಣದಿಂದ ಆ ಬೈಗುಳವನ್ನು ಕತ್ತರಿಸಲು ಸುಕನ್ಯಾಳಿಗೆ ಮನಸ್ಸು ಬರಲಿಲ್ಲ.

ಆಮೇಲೆ ವೈರಸ್ ಹತ್ತಿ ವಿಶ್ವವಿದ್ಯಾಲಯದ ವಿಭಾಗದ ಕಂಪ್ಯೂಟರ್ ಕೆಟ್ಟಿತು. ಉಳಿದದ್ದು ಕೊರಳಿನ ಪ್ರತಿಯೊಂದೇ; ಸಿಡಿಗೆ ತುಂಬಿದ್ದೂ ಅದರಿಂದಲೇ. ವರ್ಷಗಟ್ಟಲೆಯ ಓದು ಆ ಪದದ ಮೇಲೆ ನಿಂತಿತ್ತು. ಬರುವ ತಿಂಗಳು ಪರೀಕ್ಷಕರ ಮುಂದೆ ಅದನ್ನು ಕೇಳಿಸಬೇಕಿತ್ತು.

*

ಸಿಡಿ ಉಡಿ ಸೇರಿತು. ಕನಕರಾಜ ಸೆರಗು ಮುಚ್ಚಿ ತಲೆಯೆತ್ತಿದ.

"ನಿಮ್ಮ ಕಡೆ ಏನೂ ಉಳೀಲಿಲ್ಲಲ್ರಿ?"

ಸುಕನ್ಯಾ ಸೆರಗನ್ನು ಕೊರಳ ಮೇಲೆ ಎಳೆದುಕೊಂಡಳು. ಪ್ರವೀಣಕುಮಾರನೇ ಬಾಯಿ ಹಾಕಿದ: "ಉಣ್ಣಿ ಕತ್ತರಿಸಿದ ಮ್ಯಾಲ ಕುರಿ ಮೈಮ್ಯಾಲ ಏನುಳೀತೈತಣ್ಣ?"

ಕೂತವರು ಹೌದೌದೆಂದರು. ಕನಕರಾಜ ಅವಳಿಗೆ ಕೈ ಮುಗಿದ. "ಮಾತಿಗೆ ನಿಂತ್ರಿ ನೋಡ್ರಿ. ಅವ್ವ ಹೇಳಿದ್ಲು, ಆ ಹುಡುಗಿ ತಪ್ಪಂಗಿಲ್ಲ ಅಂತ."

ಹೆಣ ಎದ್ದಿತು.

ಹೊಲದ ಬದುವಿನ ಗುಂಡಿಯಲ್ಲಿ ಉಪ್ಪು ಸುರಿದು ಕೊಟ್ರಬಸಮ್ಮನನ್ನು ಇಳಿಸಿದರು. ಎಲ್ಲರೂ ಸಾಲಾಗಿ ಬಂದು ಹಿಡಿಮಣ್ಣು ಹಾಕಿದರು. ಸುಕನ್ಯಾಳ ಸರದಿ ಬಂತು. ಸೆರಗನ್ನು ತಲೆ ಮೇಲೆ ಎಳೆದುಕೊಳ್ಳುವವಳಂತೆ ಅವಳು ಕತ್ತಿನ ಹಿಂದಕ್ಕೆ ಕೈ ಒಯ್ದಳು. ಗಂಟು ಬಿಗಿಯಾಗಿತ್ತು, ಬೇಗ ಬಿಚ್ಚಲಿಲ್ಲ.

"ಅಕ್ಕ," ಎಂದ ಪ್ರವೀಣಕುಮಾರ, ಮೆಲ್ಲಗೆ.

ಗಂಟು ಬಿಚ್ಚಿದ ಅದೇ ಕೈಯಲ್ಲಿ ಅವಳು ಬಾಗಿ ಹಿಡಿ ತುಂಬ ಮಣ್ಣು ತೆಗೆದು, ಗುಂಡಿಯೊಳಗೆ ಕೈ ಇಳಿಬಿಟ್ಟು, ಬೆರಳು ಸಡಿಲಿಸಿದಳು. ಕಂಬಳಿಯ ಮಡಿಕೆಯಲ್ಲಿ ದಾರದ ತುದಿಯೊಂದು ಗಳಿಗೆ ಹೊತ್ತು ಕಾಣುತ್ತಿತ್ತು. ಕನಕರಾಜ ಸಲಿಕೆ ಎತ್ತಿದ.