ಯಾರ ಕಡೆಯವನೂ ಅಲ್ಲ

ಬಸ್ ಡಿಪೋದಲ್ಲಿ ಎರಡು ರಾಜಕೀಯ ಪಕ್ಷಗಳಿಗೂ ಒಂದೊಂದು ಕಾರ್ಮಿಕ ಸಂಘವಿತ್ತು. ಎರಡರ ಮಾತೂ ಹಿಡಿಸದೆ ಮೆಕ್ಯಾನಿಕ್ ಯಾವುದಕ್ಕೂ ಸೇರಿರಲಿಲ್ಲ. ಜಾಕ್ ಜಾರಿ ಬಲಗೈ ಜಜ್ಜಿಹೋದಾಗ, ಕೂತು ಮಾಡುವ ಕೆಲಸ ಕೇಳಲು ಸಂಘದ ಸಹಿ ಬೇಕಾಯಿತು.

“ನೀನು ಅವರ ಕಡೆಯವನಲ್ವಾ?” ಎಂದರು ಎರಡೂ ಸಂಘದವರು.

“ಯಾರ ಕಡೆಯವನೂ ಅಲ್ಲ ಸಾರ್.”

“ಹಾಗಾದ್ರೆ ಯಾರನ್ನೂ ಕೇಳ್ಬೇಡ.”

“ಯಾವುದಕ್ಕಾದ್ರೂ ಸೇರ್ಕೊಳ್ರೀ, ಮಕ್ಕಳ ಮುಖ ನೋಡಿ,” ಎಂದು ಹೆಂಡತಿ ಅತ್ತಳು. ಅವನ ಭಾವನೂ ಅದೇ ಡಿಪೋದಲ್ಲಿದ್ದರು; ಸೇರಿಸಿಕೊಳ್ಳಿ ಎಂದಾಗ ಅವರ ಸಂಘ “ಯೋಚಿಸಿ ಹೇಳ್ತೀವಿ” ಎಂದಿತು. ಇನ್ನೊಂದು ಅವತ್ತೇ ಸದಸ್ಯತ್ವದ ಫಾರಂ ಕೊಟ್ಟಿತು. ಎಡಗೈಯಲ್ಲಿ ಸಹಿ ಹಾಕಿದ.

ಆ ಸಂಜೆ ನಾಯಕರು ಅವನನ್ನು ವೇದಿಕೆಗೆ ಹತ್ತಿಸಿ, “ಇವನು ಮೊದಲಿಂದಲೂ ನಮ್ಮವನೇ” ಎಂದರು. ಅವನು ಹೌದೆಂದು ತಲೆಯಾಡಿಸಿದ.

ಆಸ್ಪತ್ರೆಯಲ್ಲಿ ಹದಿನೆಂಟು ದಿನ ತುತ್ತು ಮಾಡಿ ತಿನ್ನಿಸಿದ್ದ ಭಾವ, ಮರುದಿನ ಗೇಟಿನಲ್ಲಿ ಎದುರಾದಾಗ ಮುಖ ತಿರುಗಿಸಿಕೊಂಡು ಹೋದರು.